ಅಮ್ಮನ ಮೊಣಕಾಲಿಗೆ ‘ಚಷ್ಮಾ ಆಪರೇಷನ್’ ಬೇಕಾ, ಬೇಡ್ವಾ?

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ತಾಯಿಗೆ 67 ವರ್ಷ. ಎರಡೂ ಮೊಣಕಾಲು ಸವೆದಿವೆ, ಬಲಗಾಲು ಜಾಸ್ತಿ. ಕಾಲು ಹೊರಗೆ ಬಾಗಿವೆ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟು ಎರಡು ವರ್ಷ ಆಯಿತು. ಶುಗರ್ ಇದೆ, ಮೂರು ತಿಂಗಳ ಸರಾಸರಿ 9.1 ಬಂದಿದೆ. ಮೂರು ಕಡೆ ತೋರಿಸಿದೆವು. ಒಬ್ಬರು ಮಾಮೂಲಿ ಆಪರೇಷನ್ ಸಾಕು ಅಂದರು. ಇನ್ನೊಬ್ಬರು ರೋಬೋಟ್ ಅಂದರು. ಮೂರನೇ ಕಡೆ ಡಾಕ್ಟರು ವಿಶೇಷ ಚಷ್ಮಾ ಹಾಕಿಕೊಂಡು ಮಾಡುತ್ತಾರಂತೆ. ಒಳಗಿನ ಎಲುಬೆಲ್ಲ ಕಾಣುತ್ತದಂತೆ, ತಪ್ಪು ಆಗುವುದೇ ಇಲ್ಲವಂತೆ, 30 ವರ್ಷ ಬಾಳಿಕೆಯಂತೆ. ಅದಕ್ಕೆ ಒಂದು ಕಾಲಿಗೆ 70 ಸಾವಿರ ಜಾಸ್ತಿ. ಎರಡೂ ಕಾಲು ಒಂದೇ ಸಲ ಮಾಡಿಸಿದರೆ ರಿಯಾಯಿತಿ ಕೊಡುತ್ತಾರೆ. ಒಂದು ಎಕರೆ ಮಾರಲು ತಯಾರಿದ್ದೇವೆ. ಆದರೆ ನಡುವೆ ಚಷ್ಮಾ ಬಂದ್ ಆದರೆ ಏನು ಗತಿ? ಆಮೇಲೆ ಅವರು ಮತ್ತೆ ನೆಲದ ಮೇಲೆ ಕೂರಬಹುದಾ? ಮರೆತಿದ್ದೆ, 2011ರಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಬಲತೊಡೆ ಮುರಿದಿತ್ತು. ಮಿರಜಿನಲ್ಲಿ ರಾಡ್ ಹಾಕಿಸಿದ್ದೆವು. ಅದು ಇನ್ನೂ ಒಳಗೇ ಇದೆ.

ಉತ್ತರ: ನಿಮ್ಮ ಪತ್ರದ ಅತಿ ಮುಖ್ಯ ಮಾತು ಕೊನೆಯಲ್ಲಿದೆ. ತೊಡೆಯೊಳಗಿನ ರಾಡ್. ನೀವು ಅದನ್ನು ‘ಮರೆತಿದ್ದೆ’ ಅಂತ ಸೇರಿಸಿದ್ದೀರಿ, ನಾನು ಪತ್ರವನ್ನು ಮತ್ತೆ ಮೊದಲಿನಿಂದ ಓದಿದ್ದು ಅದೊಂದು ಸಾಲಿನಿಂದಾಗಿ. ಮೂರು ಕಡೆ ತೋರಿಸಿದ್ದೀರಿ, ಅದರ ಬಗ್ಗೆ ಯಾರಾದರೂ ಬಿಡಿಸಿ ಮಾತಾಡಿದರಾ? ಮಾತಾಡಿದ್ದರೆ ನೀವು ಬರೆಯುತ್ತಿದ್ದಿರಿ. ಇರಲಿ, ಅದಕ್ಕೆ ಆಮೇಲೆ ಬರೋಣ. ಮೊದಲು ಈ ಚಷ್ಮಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ನೋಡಿಬಿಡೋಣ. ಅದು ಗೊತ್ತಾಗದೆ ರಾಡಿನ ವಿಷಯ ತಲೆಗೆ ಹತ್ತುವುದಿಲ್ಲ.

ನಿಮ್ಮ ಗಾಬರಿ ಅರ್ಥವಾಗುತ್ತದೆ. 70 ಸಾವಿರ ಉಳಿಸಲು ಹೋಗಿ ಅಮ್ಮನ ಕಾಲು ಕೆಟ್ಟರೆ ಜನ್ಮಪೂರ್ತಿ ಕೊರಗಬೇಕು. ಕೊಟ್ಟೂ ಕೆಟ್ಟರೆ ಹೊಲವೂ ಹೋಯಿತು, ಕಾಲೂ ಹೋಯಿತು. ಬೆಳಗಾವಿಯಲ್ಲಿ ನನ್ನ ಓಪಿಡಿಗೆ ಬರುವವರೂ ಈಗೀಗ ಇದೇ ಕೇಳುತ್ತಾರೆ. ಗೋಕಾಕದಿಂದ, ಜಮಖಂಡಿಯಿಂದ, ಇಂಡಿಯಿಂದ ಬಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ವಿಡಿಯೋದಲ್ಲಿ ಡಾಕ್ಟರು ಚಷ್ಮಾ ಹಾಕಿ ಗಾಳಿಯಲ್ಲಿ ಬೆರಳಾಡಿಸುತ್ತಾರೆ, ಎಲುಬಿನ ಚಿತ್ರ ತೇಲುತ್ತದೆ, ಹಿಂದೆ ಮ್ಯೂಸಿಕ್. ನೋಡಲು ಚೆನ್ನಾಗಿರುತ್ತದೆ, ಅಲ್ವಾ? ಆದರೆ ನಿಜವಾದ ಕೆಲಸ ಆ ವಿಡಿಯೋದಲ್ಲಿ ಕಾಣುವುದೇ ಇಲ್ಲ.

ಆಪರೇಷನ್ನಿನಲ್ಲಿ ಆಗುವುದು ಇಷ್ಟು. ನಮ್ಮ ಕಡೆ ‘ಚಿಪ್ಪು ಬದಲಿ’ ಅನ್ನುತ್ತಾರೆ, ಇಡೀ ಮೊಣಕಾಲು ತೆಗೆದು ಸ್ಟೀಲಿನದ್ದು ಕೂರಿಸುತ್ತಾರೆ ಅಂದುಕೊಂಡವರೂ ಇದ್ದಾರೆ. ಹಾಗಿಲ್ಲ. ತೊಡೆಯ ಎಲುಬಿನ ಕೆಳತುದಿ, ಕಣಕಾಲಿನ ಎಲುಬಿನ ಮೇಲ್ತುದಿ, ಎರಡರಿಂದಲೂ ಹೆಚ್ಚುಕಡಿಮೆ 8ರಿಂದ 10 ಮಿಲಿಮೀಟರ್ ಸವೆದ ಭಾಗವನ್ನು ಕೊಯ್ದು ತೆಗೆಯುತ್ತೇವೆ. ಅಲ್ಲಿ ಲೋಹದ ಹೊದಿಕೆ ಕೂರುತ್ತದೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್. ಅಕ್ಕಪಕ್ಕದ ಲಿಗಮೆಂಟುಗಳು ಅವರವೇ ಉಳಿಯುತ್ತವೆ, ಮುಂದೆ ಮೊಣಕಾಲನ್ನು ಹಿಡಿದು ನಿಲ್ಲಿಸುವುದು ಅವೇ.

ಆ ಕೊಯ್ತದ ಕೋನ ಮುಖ್ಯ. ಸೊಂಟದ ಕೀಲಿನ ನಡುವಿನಿಂದ ಪಾದದ ಗಂಟಿನ ಕೀಲಿನ ನಡುವಿಗೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ನಡುಭಾಗದ ಹತ್ತಿರ ಹಾದುಹೋಗಬೇಕು ಅನ್ನುವುದು ಹಳೆಯ ಲೆಕ್ಕ. ಕಷ್ಟ ಏನಂದರೆ, ಆಪರೇಷನ್ ಟೇಬಲ್ಲಿನ ಮೇಲೆ ಸೊಂಟದ ಕೀಲು ಕಾಣುವುದಿಲ್ಲ, ಬಟ್ಟೆಯ ಕೆಳಗೆ ಮಾಂಸದೊಳಗೆ ಇರುತ್ತದೆ. ಹಾಗಾಗಿ ಮಾಮೂಲಿ ಪದ್ಧತಿಯಲ್ಲಿ ಮೊಣಕಾಲಿನ ಕಡೆಯಿಂದ ತೊಡೆಯೆಲುಬಿಗೆ ಒಂದು ತೂತು ಮಾಡಿ, ಎಲುಬಿನ ಟೊಳ್ಳಿನೊಳಗೆ ಉದ್ದನೆಯ ಕಡ್ಡಿ ತೂರಿಸುತ್ತೇವೆ. ಕಡ್ಡಿ ಎಲುಬಿನ ದಾರಿ ಹಿಡಿಯುತ್ತದೆ. ಎಲುಬಿನ ದಾರಿಗೂ ನಮಗೆ ಬೇಕಾದ ಗೆರೆಗೂ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ವ್ಯತ್ಯಾಸ. ಅಷ್ಟು ಕಳೆದು ಕೊಯ್ಯುವ ಅಚ್ಚು ಕೂರಿಸುತ್ತೇವೆ. ದಶಕಗಳಿಂದ ಲಕ್ಷಾಂತರ ಮೊಣಕಾಲು ಹೀಗೇ ಆಗಿವೆ, ಚೆನ್ನಾಗಿಯೇ ಆಗಿವೆ.

ಚಷ್ಮಾ ಬರುವುದು ಈ ಜಾಗಕ್ಕೆ, ಕಡ್ಡಿಯ ಬದಲಿಗೆ.

ನಾನೂ ಹಾಕಿ ನೋಡಿದ್ದೇನೆ, ಹೇಗಿರುತ್ತದೆ ಅಂತ ಹೇಳುತ್ತೇನೆ. ತೊಡೆಯೆಲುಬಿನ ತುದಿಗೆ ಒಂದು ಚಿಕ್ಕ ಗುರುತಿನ ಫಲಕ ಬಿಗಿಯುತ್ತೇವೆ. ಅಂಗಡಿಯಲ್ಲಿ ಫೋನ್‌ಪೇ ಮಾಡಲು ಕ್ಯೂಆರ್ ಕೋಡ್ ಇರುತ್ತದಲ್ಲ, ಕೆಲವು ಸಿಸ್ಟಮ್ಮುಗಳಲ್ಲಿ ಅದು ನೋಡಲು ಹಾಗೇ ಇರುತ್ತದೆ. ಚಷ್ಮಾದ ಕ್ಯಾಮೆರಾ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ರೋಗಿಯ ಕಾಲನ್ನು ಎತ್ತಿ ಸೊಂಟದಿಂದ ನಿಧಾನಕ್ಕೆ ವೃತ್ತವಾಗಿ ತಿರುಗಿಸುತ್ತೇವೆ. ಕಾಲು ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆ ಬಿಂದುವೇ ಸೊಂಟದ ಕೀಲಿನ ನಡು. ನಂತರ ಮೊನಚಾದ ಸಲಾಕೆಯಿಂದ ಪಾದದ ಗಂಟಿನ ಒಳಬದಿ, ಹೊರಬದಿ, ಮೊಣಕಾಲಿನ ಕೆಲವು ಜಾಗಗಳನ್ನು ಮುಟ್ಟಿ ತೋರಿಸಬೇಕು. ಅಷ್ಟಾದ ಮೇಲೆ ಕೊಯ್ಯುವ ಅಚ್ಚಿನ ಪಕ್ಕದಲ್ಲೇ ಅಂಕಿ ಮೂಡುತ್ತದೆ. ಇಷ್ಟು ಡಿಗ್ರಿ ಒಳಗೆ ವಾಲಿದೆ, ಇಷ್ಟು ಮಿಲಿಮೀಟರ್ ಹೋಗುತ್ತದೆ. ಅಚ್ಚನ್ನು ಒಂದಿಷ್ಟು ತಿರುಗಿಸಿದರೆ ಅಂಕಿಯೂ ಬದಲಾಗುತ್ತದೆ. ಗೋಡೆ ಕಡೆಯ ಪರದೆ ನೋಡಲು ತಲೆ ಎತ್ತುವ ಕೆಲಸವಿಲ್ಲ, ಕಣ್ಣು ಗಾಯದ ಮೇಲೇ ಇರುತ್ತದೆ. ಇದು ನಿಜವಾಗಿಯೂ ಅನುಕೂಲ, ನಾನು ಅಲ್ಲಗಳೆಯುವುದಿಲ್ಲ.

ಇನ್ನೊಂದು ಬಗೆಯಲ್ಲಿ ಮೊದಲೇ ಸಿಟಿ ಸ್ಕ್ಯಾನ್ ಮಾಡಿ, ಅದರಿಂದ ಎಲುಬಿನ ಮೂರು ಆಯಾಮದ ಮಾದರಿ ಮಾಡಿಕೊಂಡು, ಅದನ್ನು ಚಷ್ಮಾದಲ್ಲಿ ರೋಗಿಯ ಮೈಮೇಲೆ ಕೂರಿಸಿದಂತೆ ತೋರಿಸುತ್ತಾರೆ. ನಿಮಗೆ ‘ಒಳಗಿನ ಎಲುಬು ಕಾಣುತ್ತದೆ’ ಅಂದದ್ದು ಇದನ್ನೇ ಇರಬೇಕು. ಕಾಣುವುದು ಮೊದಲೇ ತೆಗೆದ ಚಿತ್ರ. ಆ ಗಳಿಗೆಯ ಎಲುಬು ಅಲ್ಲ, ಎಕ್ಸ್‌ರೇಯೂ ಅಲ್ಲ. ಚಿತ್ರ ಎರಡು ಮಿಲಿಮೀಟರ್ ಪಕ್ಕಕ್ಕೆ ಕೂತರೆ, ಅದು ಪಕ್ಕಕ್ಕೆ ಕೂತಿದೆ ಅಂತ ಚಿತ್ರ ತಾನಾಗಿ ಹೇಳುವುದಿಲ್ಲ.

‘ತಪ್ಪು ಆಗುವುದೇ ಇಲ್ಲ’ ಅನ್ನುವುದು ಅದಕ್ಕೇ ಸುಳ್ಳು. ಪಾದದ ಗಂಟನ್ನು ಮುಟ್ಟುವಾಗ ಬಾವು, ಕೊಬ್ಬು ಇದ್ದು ಸಲಾಕೆ ಸ್ವಲ್ಪ ಹಿಂದೆ ಮುಂದೆ ಆದರೆ ಇಡೀ ಲೆಕ್ಕ ಅಷ್ಟು ವಾಲುತ್ತದೆ, ಪರದೆಯ ಮೇಲೆ ಮಾತ್ರ ಅಂಕಿ ದಶಾಂಶದ ತನಕ ಖಚಿತವಾಗಿ ಕಾಣುತ್ತಿರುತ್ತದೆ. ಸೊಂಟ ಬಿಗಿದವರಲ್ಲಿ ಕಾಲು ಸರಿಯಾಗಿ ತಿರುಗದೆ ನಡುಬಿಂದು ತಪ್ಪಬಹುದು. ಗುರುತಿನ ಫಲಕಕ್ಕೆ ರಕ್ತ ಸಿಡಿದರೆ, ಅಸಿಸ್ಟೆಂಟಿನ ಕೈ ಅಡ್ಡ ಬಂದರೆ ಕ್ಯಾಮೆರಾಗೆ ಕಾಣುವುದಿಲ್ಲ. ಥಿಯೇಟರ್ ಲೈಟಿನ ಪ್ರಖರ ಬೆಳಕಿನಲ್ಲಿ ಚಿತ್ರ ಮಸುಕಾಗುತ್ತದೆ. ಹೆಚ್ಚು ಹೆಸರು ಮಾಡಿದ ಹೋಲೋಲೆನ್ಸ್ 2 ಚಷ್ಮಾದ ತೂಕ 566 ಗ್ರಾಂ. ಅದರ ಚಿತ್ರದ ಫೋಕಸ್ ಸುಮಾರು 2 ಮೀಟರ್ ದೂರಕ್ಕೆ ನಿಗದಿಯಾಗಿದೆ, ನಾವು ಕೆಲಸ ಮಾಡುವುದು ಅರ್ಧ ಮೀಟರ್ ಆಚೀಚೆ. ಎಲುಬು ಒಂದು ದೂರದಲ್ಲಿ, ಗೆರೆ ಇನ್ನೊಂದು ದೂರದಲ್ಲಿ ಕಂಡಂತಾಗಿ ಕಣ್ಣು ದಣಿಯುತ್ತದೆ. ಕತ್ತಿನ ವಿಷಯ ಕೇಳಲೇಬೇಡಿ.

ಈಗ 30 ವರ್ಷದ ಬಾಳಿಕೆ. ಇದನ್ನು ಯಾರು ಹೇಳಿದರೋ ಅವರಿಗೆ ಒಂದು ಪ್ರಶ್ನೆ ಕೇಳಿ: ಚಷ್ಮಾ ಹಾಕಿ ಮೊದಲ ಮೊಣಕಾಲು ಮಾಡಿದ್ದು ಯಾವಾಗ? ಮೆಡಾಕ್ಟಾ ಕಂಪನಿಯ ನೆಕ್ಸ್ಟ್‌ಎಆರ್ ಅನ್ನುವ ಚಷ್ಮಾ ವ್ಯವಸ್ಥೆಗೆ ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಫ್ರಾನ್ಸಿನ ಪಿಕ್ಸಿ ಕಂಪನಿಯ ನೀ ಪ್ಲಸ್‌ಗೆ, ಸೊಂಟಕ್ಕೆ ಬಳಸುವ ಹಿಪ್‌ಇನ್‌ಸೈಟ್‌ಗೆ 2021ರಲ್ಲಿ. ಹತ್ತು ವರ್ಷವೂ ಆಗಿಲ್ಲ, 30 ವರ್ಷದ ಲೆಕ್ಕ ಎಲ್ಲಿಂದ ಬಂತು? ಬಾಳಿಕೆಯ ಲೆಕ್ಕ ಇರುವುದು ಮಾಮೂಲಿ ಆಪರೇಷನ್ನಿಗೆ. ರಾಷ್ಟ್ರೀಯ ದಾಖಲೆಗಳನ್ನು ಒಟ್ಟುಮಾಡಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ತಿ ಮೊಣಕಾಲು ಬದಲಾವಣೆಗಳಲ್ಲಿ ಶೇ 82ರಷ್ಟು 25 ವರ್ಷ ಬಂದಿವೆ. ಅದರಲ್ಲಿ ಹೆಚ್ಚಿನವು ಚಷ್ಮಾ, ರೋಬೋಟ್ ಹುಟ್ಟುವ ಮೊದಲಿನವು. ನಿಮ್ಮ ತಾಯಿಗೆ ಈಗ 67. ಲೆಕ್ಕ ನೀವೇ ಹಾಕಿ.

ಕೋನ ಕರಾರುವಾಕ್ಕಾಗಿ ಬಂದರೆ ಬಾಳಿಕೆ ಜಾಸ್ತಿ ಅನ್ನುವುದೂ ನಾವು ಅಂದುಕೊಂಡಷ್ಟು ಸರಳ ಅಲ್ಲ. 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು 15 ವರ್ಷದ ಫಲಿತಾಂಶ ನೋಡಿದರು. ಗೆರೆ 3 ಡಿಗ್ರಿ ಒಳಗೆ ಇದ್ದವರಿಗೂ, ಅದರಾಚೆ ಹೋದವರಿಗೂ ಬಾಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2012ರಲ್ಲಿ ಬೆಲ್ಜಿಯಂನವರು ಯಾವ ನೋವೂ ಇಲ್ಲದ ಹರೆಯದವರ ಕಾಲು ಅಳೆದರು. ಗಂಡಸರಲ್ಲಿ ಶೇ 32, ಹೆಂಗಸರಲ್ಲಿ ಶೇ 17 ಮಂದಿಯ ಕಾಲು ಸಹಜವಾಗಿಯೇ 3 ಡಿಗ್ರಿ ಅಥವಾ ಹೆಚ್ಚು ಹೊರಬಾಗಿದ್ದವು. ಅಂಥವರ ಕಾಲನ್ನು ಹಟ ಹಿಡಿದು ನೇರ ಮಾಡಬೇಕಾ, ಅವರ ಸಹಜ ವಾಲನ್ನು ಸ್ವಲ್ಪ ಉಳಿಸಬೇಕಾ ಅಂತ ನಮ್ಮಲ್ಲೇ ಜಗಳ ಇನ್ನೂ ಮುಗಿದಿಲ್ಲ. ಹಾಗಂತ ಕಂಪ್ಯೂಟರ್ ದಂಡ ಅಂತಲೂ ಅಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಲ್ಲಿ 65 ವರ್ಷದ ಕೆಳಗಿನವರಿಗೆ ಕಂಪ್ಯೂಟರ್ ನ್ಯಾವಿಗೇಷನ್ (ಇದೇ ಅಂಕಿಗಳನ್ನು ಪಕ್ಕದ ಪರದೆಯಲ್ಲಿ ತೋರಿಸುವ ಯಂತ್ರ) ಬಳಸಿದಾಗ ಮರು-ಆಪರೇಷನ್ ಸ್ವಲ್ಪ ಕಡಿಮೆ ಕಂಡಿದೆ. ಸ್ವಲ್ಪ, ಅಷ್ಟೇ.

ಗೌಂಡಿಯ ಕೈಯಲ್ಲಿ ಓಳಂಬ ಇದ್ದ ಹಾಗೆ ಈ ಚಷ್ಮಾ. ಗೋಡೆ ನೆಟ್ಟಗಿದೆಯಾ ಅಂತ ತೋರಿಸುತ್ತದೆ. ಗೋಡೆ ಎಲ್ಲಿ ಕಟ್ಟಬೇಕು, ಸಿಮೆಂಟು ಎಷ್ಟು ಅನ್ನುವುದು ಗೌಂಡಿಗೇ ಗೊತ್ತಿರಬೇಕು. ಮೊಣಕಾಲು ಬದಲಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ ಅನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅಂಥವರು ಎರಡನೇ ಅಭಿಪ್ರಾಯಕ್ಕೆ ಬಂದಾಗ ನಾನು ನೋಡುವುದು ಏನು? ಕೆಲವರಿಗೆ ಸೋಂಕು. ಕೆಲವರಿಗೆ ಲಿಗಮೆಂಟ್ ಸಡಿಲ ಅಥವಾ ತೀರಾ ಬಿಗಿ. ಕೆಲವರು ವ್ಯಾಯಾಮ ಮಾಡದೆ ಕಾಲು ಸೆಟೆದುಕೊಂಡಿದೆ. ಕೆಲವರಿಗೆ ನೋವು ಬರುತ್ತಿದ್ದುದೇ ಬೆನ್ನಿನಿಂದಲೋ ಸೊಂಟದ ಕೀಲಿನಿಂದಲೋ, ಮೊಣಕಾಲು ಸುಮ್ನೆ ಸಿಕ್ಕಿಹಾಕಿಕೊಂಡಿತು. ಬರೀ ಕೋನ ತಪ್ಪಿ ಬಂದವರು ಇದ್ದಾರೆ, ಆದರೆ ಅವರೇ ಹೆಚ್ಚಿನವರಲ್ಲ.

ರೋಬೋಟಿಗೂ ಚಷ್ಮಾಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. ಮ್ಯಾಕೋ ತರಹದ ರೋಬೋಟಿನಲ್ಲಿ ಗರಗಸ ಯಂತ್ರದ ತೋಳಿನಲ್ಲಿರುತ್ತದೆ, ನಿಗದಿ ಮಾಡಿದ ಗಡಿ ದಾಟಲು ಹೋದರೆ ತಡೆಯುತ್ತದೆ. ತೋಳನ್ನು ನಡೆಸುವುದು ಡಾಕ್ಟರೇ. ಚಷ್ಮಾ ಬರೀ ತೋರಿಸುತ್ತದೆ, ಕೈ ಹಿಡಿಯುವುದಿಲ್ಲ. ಗರಗಸ ಗಟ್ಟಿ ಎಲುಬಿನ ಮೇಲೆ ಜಾರಿದರೆ ಅದು ನಮ್ಮ ಕೈಯ ಜವಾಬ್ದಾರಿ. ರೋಬೋಟಿಗೆ ಕೋಟಿಗಟ್ಟಲೆ ಬಂಡವಾಳ, ಚಷ್ಮಾಕ್ಕೆ ಅದರ ಒಂದು ಚೂರು. ಸಣ್ಣ ಊರಿನ ಆಸ್ಪತ್ರೆಗೂ ತರಿಸಬಹುದು ಅನ್ನುವುದು ಇದರ ದೊಡ್ಡ ಗುಣ, ಅದನ್ನು ನಾನು ಮೆಚ್ಚುತ್ತೇನೆ. ಅಗ್ಗದ ಯಂತ್ರಕ್ಕೆ ರೋಬೋಟಿನ ರೇಟು ಹಾಕುವುದನ್ನು ಮಾತ್ರ ಮೆಚ್ಚುವುದಿಲ್ಲ. ಇವೆರಡಕ್ಕಿಂತ ಹಳೆಯದು ಕಂಪ್ಯೂಟರ್ ನ್ಯಾವಿಗೇಷನ್. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಶುರುವಾದದ್ದು. ಅಂಕಿಗಳು ಅವೇ, ಚಷ್ಮಾದ ಬದಲು ಪಕ್ಕದ ಪರದೆಯ ಮೇಲೆ ಬರುತ್ತವೆ. ವಿಡಿಯೋಗೆ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಅದರ ಜಾಹೀರಾತು ನಿಮಗೆ ಸಿಕ್ಕಿಲ್ಲ.

ನಡುವೆ ಚಷ್ಮಾ ಬಂದ್ ಆದರೆ? ಆಗುತ್ತದೆ. ಬ್ಯಾಟರಿ ಇಳಿಯುತ್ತದೆ, ಸಾಫ್ಟ್‌ವೇರ್ ನಿಂತುಬಿಡುತ್ತದೆ, ಫಲಕ ಸಡಿಲವಾಗುತ್ತದೆ. ಆಗ ಮಾಮೂಲಿ ಉಪಕರಣದ ಟ್ರೇ ತೆಗೆದು ಕೆಲಸ ಮುಂದುವರಿಸುತ್ತೇವೆ. ಹೆದರುವುದು ಬೇಡ. ಆದರೆ ಡಾಕ್ಟರಿಗೆ ಮಾಮೂಲಿ ಪದ್ಧತಿಯಲ್ಲಿ ಒಳ್ಳೆಯ ಕೈ ಇರಬೇಕು. ‘ಚಷ್ಮಾ ಕೈಕೊಟ್ಟರೆ ಏನು ಮಾಡುತ್ತೀರಿ’ ಅಂತ ನೇರ ಕೇಳಿ. ತಯಾರಿ ಇರುವವರು ಸಿಟ್ಟಾಗುವುದಿಲ್ಲ. ಇನ್ನೊಂದು, ಮೈಕ್ರೋಸಾಫ್ಟ್ 2024ರಲ್ಲಿ ಹೋಲೋಲೆನ್ಸ್ 2 ತಯಾರಿಕೆಯನ್ನೇ ನಿಲ್ಲಿಸಿತು. ಅದರ ಮೇಲೆ ನಿಂತಿರುವ ವ್ಯವಸ್ಥೆಗಳು ಬೇರೆ ಚಷ್ಮಾ ಹುಡುಕಲೇಬೇಕು. ರೋಗಿಯ ಕಾಲಿಗೆ ಅದರಿಂದ ಏನೂ ಆಗುವುದಿಲ್ಲ, ಒಳಗೆ ಕೂರುವ ಲೋಹ ಬೇರೆ, ಚಷ್ಮಾ ಬೇರೆ. ಆದರೂ ‘ಇದೇ ಭವಿಷ್ಯ’ ಅಂತ ಯಾರಾದರೂ ಎದೆ ತಟ್ಟಿದರೆ ಇದನ್ನು ನೆನಪಿಡಿ.

ಸರಿ, ಈಗ ರಾಡ್.

ಮೇಲೆ ಹೇಳಿದೆನಲ್ಲ, ಮಾಮೂಲಿ ಪದ್ಧತಿಯಲ್ಲಿ ತೊಡೆಯೆಲುಬಿನ ಟೊಳ್ಳಿನೊಳಗೆ ಕಡ್ಡಿ ತೂರಿಸಬೇಕು ಅಂತ. ನಿಮ್ಮ ತಾಯಿಯ ಬಲತೊಡೆಯಲ್ಲಿ ಆ ಟೊಳ್ಳು ಖಾಲಿ ಇಲ್ಲ. 2011ರಿಂದ ಅಲ್ಲಿ ರಾಡ್ ಕೂತಿದೆ. ಕಡ್ಡಿ ಹೋಗುವುದಿಲ್ಲ, ಹೋದರೂ ಸ್ವಲ್ಪ ದೂರ ಹೋಗಿ ರಾಡಿಗೆ ತಾಗಿ ನಿಲ್ಲುತ್ತದೆ. ಅದರ ಮೇಲೆ, ಮುರಿದ ಎಲುಬು ಕೂಡಿಕೊಳ್ಳುವಾಗ ಸ್ವಲ್ಪ ವಾಲಿ ಅಥವಾ ತಿರುಚಿ ಕೂಡಿಕೊಂಡಿರಬಹುದು. ನಮ್ಮ ಕಡೆ ವಯಸ್ಸಾದ ಹೆಂಗಸರಲ್ಲಿ ರಾಡ್ ಇಲ್ಲದಿದ್ದರೂ ತೊಡೆಯೆಲುಬು ತಾನಾಗಿ ಹೊರಬಾಗಿರುವುದನ್ನು ಬೇಕಾದಷ್ಟು ನೋಡುತ್ತೇವೆ, ಕಡ್ಡಿಯ ಲೆಕ್ಕ ಅಲ್ಲೂ ಎಡವುತ್ತದೆ. ಟೊಳ್ಳನ್ನು ಮುಟ್ಟದೆ ಸೊಂಟದ ಬಿಂದುವನ್ನು ಹುಡುಕುವ ಸಾಧನ ಬೇಕಾಗುವುದು ಇಂಥ ಕಾಲಿಗೆ. ನ್ಯಾವಿಗೇಷನ್, ಚಷ್ಮಾ, ಕೆಲವು ರೋಬೋಟುಗಳು, ಇವೆಲ್ಲ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತವೆ. ನಿಮಗೆ ಚಷ್ಮಾ ಹೇಳಿದವರು ಹೇಳಿದ ಕಾರಣಗಳೆಲ್ಲ ತಪ್ಪು, ಆದರೆ ಬಲಗಾಲಿನ ಮಟ್ಟಿಗೆ ಸಲಹೆ ತಪ್ಪಲ್ಲ. ವಿಚಿತ್ರ, ಆದರೆ ಹಾಗೇ ಇದೆ.

ದಾರಿಗಳು ಮೂರಿವೆ. ರಾಡನ್ನು ಮೊದಲು ತೆಗೆದು, ಗಾಯ ಮಾಗಿ ಎಲುಬು ಗಟ್ಟಿಯಾಗಲು ಕೆಲವು ತಿಂಗಳು ಬಿಟ್ಟು, ಮಾಮೂಲಿ ಪದ್ಧತಿಯಲ್ಲಿ ಮೊಣಕಾಲು ಮಾಡುವುದು ಒಂದು. ಕೇಳಲು ಸರಳ. ಆದರೆ ಇಷ್ಟು ವರ್ಷದ ರಾಡಿನ ತುದಿಯ ಮೇಲೆ ಎಲುಬು ಬೆಳೆದಿರುತ್ತದೆ, ಸ್ಕ್ರೂ ತಲೆ ಸವೆದು ತಿರುಗುವುದಿಲ್ಲ, ಸೊಂಟದ ಹತ್ತಿರ ಬೇರೆ ಗಾಯ, ರಕ್ತ ಹೋಗುತ್ತದೆ, ತೆಗೆಯುವಾಗ ಎಲುಬು ಮುರಿದದ್ದೂ ಉಂಟು. ಸೋಂಕಿನ ಅನುಮಾನ ಇಲ್ಲದಿದ್ದರೆ, 67ರ ಶುಗರ್ ಇರುವ ಹೆಂಗಸಿಗೆ ನಾನು ಇದನ್ನು ಮೊದಲ ಆಯ್ಕೆ ಅನ್ನುವುದಿಲ್ಲ. ರಾಡನ್ನು ಇದ್ದಲ್ಲೇ ಬಿಟ್ಟು, ಉದ್ದನೆಯ ಎಕ್ಸ್‌ರೇ ಮೇಲೆ ಕೋನ ಅಳೆದುಕೊಂಡು, ಗಿಡ್ಡ ಕಡ್ಡಿ ಅಥವಾ ಹೊರಗಿನ ಗುರುತುಗಳಿಂದ ಮಾಡುವುದು ಎರಡನೆಯದು. ನುರಿತವರು ಮಾಡುತ್ತಾರೆ. ಕೋನ ತಪ್ಪುವ ಸಾಧ್ಯತೆ ಜಾಸ್ತಿ, ಅದನ್ನು ಒಪ್ಪಿಕೊಂಡೇ ಹೋಗಬೇಕು. ಮೂರನೆಯದು ರಾಡ್ ಬಿಟ್ಟು ನ್ಯಾವಿಗೇಷನ್ ಅಥವಾ ಚಷ್ಮಾದ ಸಹಾಯ. ನಾನಾದರೆ ಇದನ್ನು ಆರಿಸುತ್ತೇನೆ.

ಇದರಲ್ಲೂ ಎರಡು ತೊಡಕು. ಸಿಟಿ ಸ್ಕ್ಯಾನ್ ಮೇಲೆ ನಡೆಯುವ ರೋಬೋಟ್ ಅಥವಾ ಚಷ್ಮಾ ಆದರೆ ರಾಡಿನ ಲೋಹದ ಸುತ್ತ ಚಿತ್ರ ಚದುರುತ್ತದೆ. ರಾಡಿನ ತುದಿ ಮೊಣಕಾಲಿಗೆ ಹತ್ತಿರವಿದ್ದಷ್ಟೂ ತೊಂದರೆ. ಸ್ಕ್ಯಾನ್ ಬೇಡದ ವ್ಯವಸ್ಥೆಗೆ ಈ ತಲೆನೋವಿಲ್ಲ. ಇನ್ನೊಂದು ಪಿನ್ನುಗಳದ್ದು. ನ್ಯಾವಿಗೇಷನ್ನಿಗೂ ರೋಬೋಟಿಗೂ ಗುರುತಿನ ಫಲಕ ನಿಲ್ಲಿಸಲು ತೊಡೆಯೆಲುಬಿಗೆ ಪಿನ್ ಹೊಡೆಯಬೇಕು. ಒಳಗೆ ರಾಡ್ ಇದ್ದಾಗ ಪಿನ್ ಎಲ್ಲಿ ಹೊಡೆಯುವುದು? ರಾಡ್ ಮುಗಿಯುವ ಜಾಗಕ್ಕೂ ಪಿನ್ನಿನ ತೂತಿಗೂ ನಡುವೆ ಎಲುಬು ದುರ್ಬಲವಾಗಿ ಆಮೇಲೆ ಅಲ್ಲೇ ಮುರಿಯುವ ಅಪಾಯ ಇದೆ. ಅಪರೂಪ, ಆದರೆ ಇದೆ. ಕೆಲವು ಚಷ್ಮಾ ವ್ಯವಸ್ಥೆಗಳಲ್ಲಿ ಫಲಕವನ್ನು ಮೊಣಕಾಲಿನ ಗಾಯದೊಳಗೇ, ಎಲುಬಿನ ತುದಿಯಲ್ಲೇ ಬಿಗಿಯಬಹುದು. ನಿಮ್ಮ ತಾಯಿಗೆ ಚಷ್ಮಾದಿಂದ ನಿಜವಾದ ಲಾಭ ಏನಾದರೂ ಇದ್ದರೆ ಅದು ಇದು. ಯಾವ ವ್ಯವಸ್ಥೆ, ಪಿನ್ ಎಲ್ಲಿ ಹೊಡೆಯುತ್ತೀರಿ ಅಂತ ಕೇಳಿ. ಈ ಪ್ರಶ್ನೆಗೆ ಉತ್ತರ ಕೊಡುವ ರೀತಿಯಲ್ಲೇ ಆ ಡಾಕ್ಟರು ನಿಮ್ಮ ತಾಯಿಯ ಎಕ್ಸ್‌ರೇ ನೋಡಿದ್ದಾರಾ ಇಲ್ವಾ ಅಂತ ನಿಮಗೆ ಗೊತ್ತಾಗುತ್ತದೆ.

ಮೊದಲು ನಿಂತುಕೊಂಡು ತೆಗೆಸುವ ಉದ್ದನೆಯ ಎಕ್ಸ್‌ರೇ ಬೇಕು, ಸೊಂಟದಿಂದ ಹಿಮ್ಮಡಿ ತನಕ ಒಂದೇ ಚಿತ್ರದಲ್ಲಿ. ಬರೀ ಮೊಣಕಾಲಿನ ಎಕ್ಸ್‌ರೇಯಲ್ಲಿ ರಾಡಿನ ತುದಿಯೂ ಕಾಣದೆ ಹೋಗಬಹುದು. ಮಿರಜಿನ ಹಳೆಯ ಕಾಗದ ಮನೆಯಲ್ಲಿದ್ದರೆ ಹುಡುಕಿ. ರಾಡ್ ಸೊಂಟದಿಂದ ಇಳಿಸಿದ್ದಾ, ಮೊಣಕಾಲಿನಿಂದ ಏರಿಸಿದ್ದಾ, ಯಾವ ಕಂಪನಿಯದ್ದು ಅನ್ನುವುದು ಅದರಲ್ಲಿರುತ್ತದೆ. ಮುಂದೆ ತೆಗೆಯಲೇಬೇಕಾದರೆ ಅದಕ್ಕೆ ಹೊಂದುವ ಉಪಕರಣ ತರಿಸಲು ಆ ಹೆಸರು ಬೇಕು.

ಎಡಗಾಲಿನ ಕಥೆ ಬೇರೆ. ಅಲ್ಲಿ ರಾಡಿಲ್ಲ. ಉದ್ದ ಎಕ್ಸ್‌ರೇಯಲ್ಲಿ ತೊಡೆಯೆಲುಬು ನೇರವಾಗಿದ್ದರೆ ಮಾಮೂಲಿ ಪದ್ಧತಿ ಧಾರಾಳ ಸಾಕು. ಎರಡಕ್ಕೂ 70-70 ಸಾವಿರ ಕೊಡುವ ಕಾರಣ ನನಗೆ ಕಾಣುತ್ತಿಲ್ಲ. ಎರಡೂ ಕಾಲು ಒಂದೇ ಸಲ ಅನ್ನುವುದನ್ನೂ ಒಪ್ಪಲಾರೆ. ಗಟ್ಟಿ ಮೈಯವರಿಗೆ ಸರಿ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಹೃದಯಕ್ಕೂ ಗಾಯಕ್ಕೂ ಹೊರೆ ಜಾಸ್ತಿ, ರಿಯಾಯಿತಿ ನೋಡಿ ನಿರ್ಧಾರ ಮಾಡುವ ವಿಷಯ ಅಲ್ಲ ಇದು. ಬಲಗಾಲು ಮೊದಲಾಗಲಿ. ಒಂದು ಕಾಲು ನೆಟ್ಟಗಾದ ಮೇಲೆ ಇನ್ನೊಂದರ ನೋವನ್ನು ತಡೆದುಕೊಂಡು ವರ್ಷಗಟ್ಟಲೆ ಮುಂದೂಡಿದವರನ್ನು ನೋಡಿದ್ದೇನೆ.

ಈಗ ಶುಗರಿನ ಆ 9.1. ನನ್ನ ಬಳಿ ಬಂದಿದ್ದರೆ ಆಪರೇಷನ್ ತಾರೀಖು ಕೊಡುತ್ತಿರಲಿಲ್ಲ. 7.5ರ ಹತ್ತಿರ, ಕೊನೆಪಕ್ಷ 8ರ ಕೆಳಗೆ ಬರಲಿ. ಎರಡು-ಮೂರು ತಿಂಗಳ ಕೆಲಸ. ಸೋಂಕು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುತ್ತದೆ, ಶುಗರ್ ಏರಿದ್ದವರಲ್ಲಿ ಇನ್ನೂ ಜಾಸ್ತಿ. ಸೋಂಕಾಗಿಬಿಟ್ಟರೆ ಲೋಹ ತೆಗೆದು, ವಾರಗಟ್ಟಲೆ ಔಷಧಿ ಕೊಟ್ಟು, ಮತ್ತೆ ಹಾಕಬೇಕಾಗಬಹುದು. ಹೊಲ ಮಾರಬೇಕಾಗುವುದು ಆಗ. ಈ ಎರಡು ತಿಂಗಳಲ್ಲಿ ಹಿಮ್ಮಡಿಯ ಬಿರುಕು, ಬೆರಳ ಸಂದಿಯ ಹುಣ್ಣು ವಾಸಿಯಾಗಲಿ. ಹಲ್ಲು ತೋರಿಸಿ, ಮಶೇರಿ ತಿಕ್ಕುವ ರೂಢಿ ಇದ್ದರೆ ಬಿಡಿಸಿ. ತಂಬಾಕು ಗಾಯ ಮಾಗಲು ಬಿಡುವುದಿಲ್ಲ. ಊರಿನಲ್ಲಿ ಮೊಣಕಾಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸುತ್ತಿದ್ದರೆ ಮುಚ್ಚಿಡಬೇಡಿ. ಕೊನೆಯ ಇಂಜೆಕ್ಷನ್ನಿಗೂ ಆಪರೇಷನ್ನಿಗೂ ಕನಿಷ್ಠ ಮೂರು ತಿಂಗಳ ಅಂತರ ಬೇಕು. ರಾಡಿನ ಸುತ್ತ ಹಳೆಯ ಸೋಂಕು ಅಡಗಿಲ್ಲ ಅಂತ ನೋಡಲು ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ, ಖರ್ಚು ಕೆಲವು ನೂರು ರೂಪಾಯಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಇಂಪ್ಲಾಂಟುಗಳಿಗೆ ಬೆಲೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ತೆರಿಗೆ ಬೇರೆ. ಚಷ್ಮಾ ಹಾಕಿದರೂ ಹಾಕದಿದ್ದರೂ ಒಳಗೆ ಕೂರುವುದು ಅಂಥದೇ ಇಂಪ್ಲಾಂಟ್. ಪ್ಯಾಕೇಜ್ ಅಂತ ಒಂದೇ ಮೊತ್ತ ಹೇಳಿದರೆ ಬಿಡಿಸಿ ಬರೆದುಕೊಡಲು ಹೇಳಿ. ಇಂಪ್ಲಾಂಟಿನ ಸ್ಟಿಕರ್ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿರಬೇಕು. ‘ಗೋಲ್ಡ್ ಮೊಣಕಾಲು’ ಅಂತ ತೋರಿಸಿದರೆ ಅದರಲ್ಲಿ ಬಂಗಾರ ಇಲ್ಲ, ಟೈಟಾನಿಯಂ ಬೆರಕೆಯ ಹೊಂಬಣ್ಣದ ಲೇಪ. ಲೋಹದ ಅಲರ್ಜಿ ಇದ್ದವರಿಗೆ ಯೋಚಿಸಬಹುದು, ಉಳಿದವರಿಗೆ ಅದಕ್ಕಾಗಿ ಜಾಸ್ತಿ ಕೊಡುವುದು ದಂಡ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲು ಭೇಟಿಯಾಗಿ. ಎಕರೆ ಮಾರುವ ಮಾತು ಸದ್ಯ ಬಿಡಿ.

ನೆಲದ ಮೇಲೆ ಕೂರುವುದು. ಹೊಸ ಮೊಣಕಾಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುಕ್ಕರುಗಾಲಿನಲ್ಲಿ ಕೂರಲು ಅಷ್ಟು ಸಾಲದು. ಆಪರೇಷನ್ನಿಗೆ ಮೊದಲು ಎಷ್ಟು ಮಡಚುತ್ತಿತ್ತು ಅನ್ನುವುದರ ಮೇಲೆ ಆಮೇಲಿನದ್ದೂ ನಿಂತಿರುತ್ತದೆ, ಚಷ್ಮಾದಿಂದ ಅದು ಬದಲಾಗುವುದಿಲ್ಲ. ಕೆಲವರು ನಮ್ಮ ಮಾತು ಕೇಳದೆ ಕೂರುತ್ತಾರೆ, ಕೂತೂ ಇದ್ದಾರೆ, ಆದರೆ ನಾನು ಕೂರಿ ಅಂತ ಹೇಳುವುದಿಲ್ಲ. ಒಲೆಯನ್ನು ಕಟ್ಟೆಯ ಮೇಲೆ ಇಡಿ, ಸೊಂಟದ ಎತ್ತರಕ್ಕೆ ರೊಟ್ಟಿ ಕಲ್ಲು ಕೂರಿಸಿ. ನಿಂತು ರೊಟ್ಟಿ ಬಡಿಯುವುದು ರೂಢಿಯಾಗಲು ಸ್ವಲ್ಪ ದಿನ ಬೇಕು, ಬೈದುಕೊಳ್ಳುತ್ತಲೇ ಕಲಿಯುತ್ತಾರೆ. ಕಮೋಡು ಆಪರೇಷನ್ನಿಗೆ ಮೊದಲೇ ಆಗಿರಲಿ.

ಎಲ್ಲಿ ಮಾಡಿಸಬೇಕು ಅಂತ ಹೆಸರು ಹೇಳುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಎಲ್ಲ ಕಡೆಯೂ ವರ್ಷವಿಡೀ ಕೀಲು ಬದಲಾವಣೆ ಮಾಡುವವರು ಇದ್ದಾರೆ. ರಾಡ್ ಇರುವ ತೊಡೆಯಲ್ಲಿ ಹಿಂದೆ ಮಾಡಿದ್ದೀರಾ ಅಂತ ಕೇಳಿ, ಮಾಡಿದವರ ಹತ್ತಿರ ಹೋಗಿ, ಅವರ ಬಳಿ ಚಷ್ಮಾ ಇದೆಯಾ ಹಳೆಯ ನ್ಯಾವಿಗೇಷನ್ ಇದೆಯಾ ಅನ್ನುವುದು ಎರಡನೇ ಮಾತು. ಫಿಸಿಯೋಥೆರಪಿಗೆ ಮುಧೋಳದಲ್ಲೇ ಒಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ, ಮೊದಲ ಆರು ವಾರ ಬಿಡುವಂತಿಲ್ಲ. ಮನೆಗೆ ಬಂದಾಗ ಅಕ್ಕತಂಗಿಯರು ಪ್ರೀತಿಯಿಂದ ಮೊಣಕಾಲಿನ ಕೆಳಗೆ ದಿಂಬು ಇಡುತ್ತಾರೆ. ತೆಗೆದುಬಿಡಿ. ಮೊಣಕಾಲು ಮಡಚಿಕೊಂಡೇ ಗಟ್ಟಿಯಾಗಿ, ಆಮೇಲೆ ನೇರವಾಗುವುದೇ ಇಲ್ಲ. ದಿಂಬು ಇಡಲೇಬೇಕು ಅಂದರೆ ಹಿಮ್ಮಡಿಯ ಕೆಳಗೆ ಇಡಿ.